ಹನ್ನೊಂದು ಗುರುತು, ಅರ್ಧ ಉಗುರಿನಷ್ಟು ಜಾಗ

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಊರಿನ ಕನ್ನಡ ಗ್ರಂಥಾಲಯಕ್ಕೆ ಬರುವ ವರ್ಷ ಐವತ್ತು ತುಂಬುತ್ತದೆ. ಅದಕ್ಕೊಂದು ಬಾವುಟ ಮಾಡಬೇಕೆಂದು ಸಮಿತಿಯಲ್ಲಿ ತೀರ್ಮಾನವಾಗಿದೆ. ಚಂದ್ರಗಿರಿ ಕೋಟೆ, ಹೊಳೆ, ಯಕ್ಷಗಾನದ ಕಿರೀಟ, ಕಂಗಿನ (ಅಡಿಕೆಯ) ಮರ, ತೆರೆದ ಪುಸ್ತಕ, ಹಚ್ಚಿದ ದೀಪ, ‘ಕ’ ಅಕ್ಷರ, ಏಳು ಭಾಷೆಗಳಿಗೆ ಏಳು ನಕ್ಷತ್ರ, ಗ್ರಂಥಾಲಯದ ಹೆಸರು, ಸ್ಥಾಪನೆಯ ವರ್ಷ, ಧ್ಯೇಯವಾಕ್ಯ ಇಷ್ಟನ್ನೂ ಸೇರಿಸಿ ಕರಡು ಮಾಡಿ ಕಳುಹಿಸಿದ್ದೇವೆ. ಹಳದಿ–ಕೆಂಪು ಇರಲೇಬೇಕೆಂದು ಹಿರಿಯರು ಹೇಳುತ್ತಾರೆ. ರಾಜಕೀಯ ಎಂದಾರು, ಬೇಡ ಎಂದು ಕಿರಿಯರು. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು? ಬಣ್ಣಗಳ ಅರ್ಥವನ್ನೂ ಬರೆದುಕೊಟ್ಟರೆ ಸ್ಮರಣ ಸಂಚಿಕೆಯಲ್ಲಿ ಹಾಕುತ್ತೇವೆ.

ಉತ್ತರ: ನಿಮ್ಮ ಕರಡನ್ನು ಎರಡು ದಿನ ಗೋಡೆಗೆ ಅಂಟಿಸಿ ನೋಡಿದೆ. ಬಿಡಿಸಿದವರ ಕೈ ಪಳಗಿದ ಕೈ. ಸ್ಮರಣ ಸಂಚಿಕೆಯ ಮುಖಪುಟಕ್ಕೆ ಅದನ್ನು ಹಾಗೆಯೇ ಕೊಡಿ, ಶೋಭಿಸುತ್ತದೆ. ಬಾವುಟಕ್ಕೆ ಮಾತ್ರ ಅದು ಆಗದು.

ಯಾಕೆ ಎನ್ನುವುದಕ್ಕೆ ಸಣ್ಣ ಲೆಕ್ಕ ಸಾಕು. ಸಾಮಾನ್ಯವಾಗಿ ಸಂಘದವರು ಹೊಲಿಸುವುದು ಮೂರು ಅಡಿ ಉದ್ದ, ಎರಡು ಅಡಿ ಅಗಲದ ಬಾವುಟ. ನೂರು ಮೀಟರ್ ಆಚೆ, ಅಂದರೆ ಗ್ರಂಥಾಲಯದಿಂದ ಬಸ್ಸು ನಿಲ್ಲುವ ಜಾಗದಷ್ಟು ದೂರದಿಂದ, ಅದು ಎಷ್ಟು ದೊಡ್ಡದಾಗಿ ಕಾಣುತ್ತದೆ ಗೊತ್ತೇ? ಕೈ ಚಾಚಿ ಕಿರುಬೆರಳನ್ನು ಎತ್ತಿ ಹಿಡಿಯಿರಿ. ಅದರ ಉಗುರಿನ ಅರ್ಧದಷ್ಟು. ಐದೂವರೆ ಮಿಲಿಮೀಟರಿಗಿಂತ ಒಂದಿಷ್ಟು ಕಡಿಮೆ. ಆ ಅರ್ಧ ಉಗುರಿನಲ್ಲಿ ನೀವು ಕೋಟೆ ಕಟ್ಟಿ, ಹೊಳೆ ಹರಿಸಿ, ದೀಪ ಹಚ್ಚಿ, ಏಳು ನಕ್ಷತ್ರಗಳನ್ನೂ ಪೋಣಿಸಿದ್ದೀರಿ. ಗಾಳಿಗೆ ಬಟ್ಟೆ ಮಡಚಿಕೊಂಡಾಗ ಆ ಅರ್ಧದಲ್ಲೂ ಅರ್ಧ ಕಾಣದು.

ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ಬಹಳ ವರ್ಷಗಳ ಹಿಂದೆ, ನಾನು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದಾಗ, ಒಂದು ಯುವಕ ಸಂಘಕ್ಕೆ ಬಾವುಟ ಬರೆದುಕೊಟ್ಟೆ. ಹಸಿರು ಬಟ್ಟೆ, ನಡುವೆ ತೆಂಕುತಿಟ್ಟು ಯಕ್ಷಗಾನದ ಕಿರೀಟ. ಮಣಿ, ಕನ್ನಡಿ ಚೂರು, ಜರಿಯ ಅಂಚು, ಒಂದನ್ನೂ ಬಿಡದೆ ಒಂದು ವಾರ ಕುಳಿತು ಕುಂಚದಲ್ಲಿ ಬಿಡಿಸಿದ್ದು. ಹಾರಿಸಿದ ದಿನ ಗದ್ದೆಯ ಆಚೆ ಬದಿಯಿಂದ ನಡೆದು ಬಂದ ಹಿರಿಯರೊಬ್ಬರು ಕಂಬದ ಬುಡದಲ್ಲಿ ನಿಂತು, “ಮಾಷ್ಟ್ರೇ, ಹಲಸಿನ ಹಣ್ಣು ಯಾಕೆ ಹಾಕಿದ್ದೀರಿ?” ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ಅವರಿಗೆ ನಿಜಕ್ಕೂ ಹಾಗೆಯೇ ಕಂಡಿತ್ತು. ನಾನೂ ಗದ್ದೆಯ ಆಚೆ ಹೋಗಿ ನಿಂತು ನೋಡಿದೆ. ಹಲಸಿನ ಹಣ್ಣೇ.

ಬಾವುಟ ಹುಟ್ಟಿದ್ದೇ ದೂರದಿಂದ ಗುರುತು ಹಿಡಿಯುವುದಕ್ಕೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರಾದ ನಿಮಗೆ ಇದನ್ನು ವಿದೇಶದ ಉದಾಹರಣೆ ಕೊಟ್ಟು ಹೇಳಬೇಕಾಗಿಲ್ಲ. ಉತ್ತರ ಗೋಗ್ರಹಣದ ಸನ್ನಿವೇಶವನ್ನು ನೆನಪಿಸಿಕೊಳ್ಳಿ. ಕೌರವ ಸೇನೆಯನ್ನು ಕಂಡು ಕಂಗಾಲಾದ ಉತ್ತರಕುಮಾರನಿಗೆ ಅರ್ಜುನ ಯಾರು ಯಾರೆಂದು ತೋರಿಸಿಕೊಡುತ್ತಾನೆ. ಅಷ್ಟು ದೂರಕ್ಕೆ ಮುಖ ಕಾಣುವುದಿಲ್ಲ, ಕಾಣುವುದು ರಥದ ಮೇಲಿನ ಧ್ವಜ. ಕಮಂಡಲು ಇದ್ದರೆ ದ್ರೋಣ, ಬಿಲ್ಲು ಇದ್ದರೆ ಅಶ್ವತ್ಥಾಮ, ಸರ್ಪವಿದ್ದರೆ ಕೌರವ. ಒಬ್ಬೊಬ್ಬರಿಗೆ ಒಂದೊಂದೇ ಗುರುತು. ದ್ರೋಣರ ಧ್ವಜದಲ್ಲಿ ಕಮಂಡಲುವಿನ ಪಕ್ಕ ಬಿಲ್ಲು, ಅದರ ಕೆಳಗೆ ತಾಳೆಗರಿ, ಸುತ್ತ ಗುರುಕುಲದ ಹೆಸರು ಇದ್ದಿದ್ದರೆ ಅರ್ಜುನನಿಗೂ ತೊಡಕಾಗುತ್ತಿತ್ತು. ತಾಳಮದ್ದಳೆಯಲ್ಲಿ ಪಾತ್ರಗಳ ಮಾತಾಡುವ ಅರ್ಥಧಾರಿಗಳು ಇಂದಿಗೂ ಅರ್ಜುನನನ್ನು ಕಪಿಧ್ವಜ ಎಂದೂ ದುರ್ಯೋಧನನನ್ನು ಫಣಿಕೇತನ ಎಂದೂ ಕರೆಯುತ್ತಾರೆ. ಬಾವುಟವೇ ಹೆಸರಾಗಿ ನಿಂತದ್ದು ಅದರಲ್ಲಿ ಒಂದೇ ಗುರುತು ಇದ್ದುದರಿಂದ.

ನಿಮ್ಮ ಕರಡಿನಲ್ಲಿ ಆಗಿರುವುದು ಬೇರೆ. ನೀವು ಬರೆದಿರುವುದು ಮುದ್ರೆ. ಮುದ್ರೆ ಕಾಗದದ ಮೇಲೆ ಇರುತ್ತದೆ, ಒಂದು ಗೇಣು ದೂರದಿಂದ ನೋಡುವಂಥದ್ದು, ಅಲ್ಲಿ ಎಷ್ಟು ಕುಸುರಿ ಇದ್ದರೂ ನಡೆಯುತ್ತದೆ. ನಮ್ಮ ಹಳೆಯ ಅರಸರಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿದಿತ್ತು. ಕದಂಬ ಮನೆತನದ ಬಿರುದಾವಳಿಯಲ್ಲಿ ಲಾಂಛನ ಸಿಂಹ, ಧ್ವಜ ವಾನರ. ಎರಡು ಕೆಲಸಕ್ಕೆ ಎರಡು ಚಿತ್ರ. ಇಂದಿನ ಸಂಘಗಳು ಮಾಡುವ ತಪ್ಪೆಂದರೆ ಲೆಟರ್‌ಹೆಡ್ಡಿನ ಮುದ್ರೆಯನ್ನೇ ಎತ್ತಿ ಬಟ್ಟೆಯ ನಡುವೆ ಹಾಕಿಬಿಡುವುದು. ಸರ್ಕಾರಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. 2018ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಮುಂದಿಟ್ಟ ನಾಡಧ್ವಜದ ಮಾದರಿಯಲ್ಲಿ ಹಳದಿ, ಬಿಳಿ, ಕೆಂಪು ಪಟ್ಟಿಗಳ ನಡುವೆ ಗಂಡಭೇರುಂಡದ ರಾಜ್ಯ ಲಾಂಛನವಿತ್ತು. ಗಂಡಭೇರುಂಡ ಒಂದೇ ಇದ್ದರೆ ಎರಡು ತಲೆಯ ಆ ಹಕ್ಕಿಯ ಆಕಾರ ಎಷ್ಟು ದೂರದಿಂದಲೂ ಎದ್ದು ಕಾಣುತ್ತಿತ್ತು. ಇಡೀ ಲಾಂಛನವನ್ನು ಇಟ್ಟರೆ ದೂರಕ್ಕೆ ಅದೊಂದು ಕಲೆಯಂತೆ ಕಾಣುತ್ತದೆ. ಇದು ನನ್ನ ಅಭಿಪ್ರಾಯ, ಒಪ್ಪದವರು ಇರಬಹುದು.

ಈಗ ಅಕ್ಷರಗಳ ವಿಷಯ. ಹೆಸರು, ವರ್ಷ, ಧ್ಯೇಯವಾಕ್ಯ ಮತ್ತು ‘ಕ’, ನಾಲ್ಕನ್ನೂ ತೆಗೆಯಿರಿ. ಕಾರಣ ತೀರಾ ಲೌಕಿಕವಾದದ್ದು: ಬಾವುಟಕ್ಕೆ ಎರಡು ಮುಖ. ಒಂದು ಕಡೆ ಸರಿಯಾಗಿ ಓದಿಸಿಕೊಂಡದ್ದು ಇನ್ನೊಂದು ಕಡೆ ತಿರುಗುಮುರುಗಾಗುತ್ತದೆ. ಸೌದಿ ಅರೇಬಿಯಾದ ಧ್ವಜದಲ್ಲಿ ಬರಹವಿದೆ. ಎರಡೂ ಕಡೆಯಿಂದ ಸರಿಯಾಗಿ ಓದಲಿಕ್ಕೆಂದು ಅವರು ಎರಡು ಬಟ್ಟೆಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಹೊಲಿಯಬೇಕಾಗುತ್ತದೆ. ಬಾಂಗ್ಲಾದೇಶದ 1971ರ ಧ್ವಜದಲ್ಲಿ ಕೆಂಪು ವೃತ್ತದೊಳಗೆ ಆ ದೇಶದ ನಕ್ಷೆಯಿತ್ತು. ಎರಡೂ ಬದಿಗೆ ಸರಿಯಾಗಿ ಮೂಡಿಸುವುದು ಕಷ್ಟವೆಂದು 1972ರಲ್ಲಿ ನಕ್ಷೆಯನ್ನು ಕೈಬಿಟ್ಟರು. ಧ್ವಜ ಕೆಟ್ಟಿತೇ? ಹಸಿರಿನ ಮೇಲೆ ಕೆಂಪು ಸೂರ್ಯ ಮಾತ್ರ ಉಳಿದು, ಇನ್ನಷ್ಟು ಚೆನ್ನಾಯಿತು.

ನಮ್ಮ ರಾಷ್ಟ್ರಧ್ವಜವೂ ಇದೇ ಪರೀಕ್ಷೆಯನ್ನು ದಾಟಿ ಬಂದದ್ದು. 1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ಧ್ವಜದ ನಿರ್ಣಯ ಮಂಡಿಸುತ್ತ ನೆಹರೂ, ಚರಕದ ಬದಲು ಚಕ್ರ ಯಾಕೆ ಎಂಬುದಕ್ಕೆ ಅಶೋಕನ ಮಾತಿನ ಜೊತೆಗೆ ಒಂದು ದರ್ಜಿಯ ಕಾರಣವನ್ನೂ ಕೊಟ್ಟರು. ಚರಕದಲ್ಲಿ ಗಾಲಿ ಒಂದು ಕಡೆ, ಕದಿರು ಇನ್ನೊಂದು ಕಡೆ. ಬಾವುಟದ ಹಿಂಬದಿಗೆ ಹೋದರೆ ಅವು ಅದಲುಬದಲಾಗುತ್ತವೆ. ಇಪ್ಪತ್ತನಾಲ್ಕು ಅರಗಳ ಚಕ್ರಕ್ಕೆ ಆ ತಾಪತ್ರಯವಿಲ್ಲ, ಯಾವ ಬದಿಯಿಂದ ನೋಡಿದರೂ ಚಕ್ರವೇ. ಒಂದು ದೇಶದ ಧ್ವಜವನ್ನು ನಿರ್ಧರಿಸುವಾಗಲೂ ಬಟ್ಟೆಯ ಹಿಂಬದಿ ಹೇಗೆ ಕಾಣುತ್ತದೆ ಎಂದು ಯೋಚಿಸಿದವರಿದ್ದರು ಎನ್ನುವುದು ನನಗೆ ಬಹಳ ಮೆಚ್ಚುಗೆಯ ಸಂಗತಿ.

‘ಕ’ವನ್ನು ತೆಗೆಯಿರಿ ಎಂದಾಗ ಹಿರಿಯರಿಗೆ ನೋವಾಗಬಹುದು. ಕಾಸರಗೋಡಿನಲ್ಲಿ ಒಂದು ನಾಮಫಲಕದ ಕನ್ನಡಕ್ಕಾಗಿ ಎಷ್ಟು ಅರ್ಜಿ ಬರೆಯಬೇಕು ಎನ್ನುವುದು ನನಗೂ ಗೊತ್ತು. ಅದಕ್ಕೇ ಹೇಳುತ್ತೇನೆ, ಕನ್ನಡವನ್ನು ಫಲಕದಲ್ಲಿ ಬರೆಯಿರಿ, ಗೋಡೆಯ ಮೇಲೆ ಆಳೆತ್ತರಕ್ಕೆ ಬರೆಯಿರಿ, ಆಮಂತ್ರಣದಲ್ಲಿ, ರಸೀದಿಯಲ್ಲಿ, ಬಸ್ಸಿನಲ್ಲಿ ಹೋಗುವವರಿಗೆ ಕಾಣುವ ಕಮಾನಿನ ಮೇಲೆ ಬರೆಯಿರಿ. ಓದುವ ಜಾಗದಲ್ಲಿ ಅಕ್ಷರ ಇರಲಿ. ಆಕಾಶದಲ್ಲಿ ಹಾರಾಡುವ ‘ಕ’ವನ್ನು ಯಾರೂ ಓದಲಾರರು. ಹಿಂಬದಿಯಿಂದ ಅದು ಕನ್ನಡವೂ ಆಗಿರುವುದಿಲ್ಲ.

ಏಳು ನಕ್ಷತ್ರಗಳ ಬಗ್ಗೆ ನನಗೆ ಬೇರೆಯೇ ಅಂಜಿಕೆ. ಸಪ್ತಭಾಷಾ ಸಂಗಮ ಭೂಮಿ ಎಂದು ನಾವೆಲ್ಲ ವೇದಿಕೆಯಲ್ಲಿ ಹೇಳುವುದು ನಿಜ. ಆದರೆ ಎಣಿಸಿ ಬಟ್ಟೆಗೆ ಹೊಲಿದ ಕೂಡಲೇ ಎಂಟನೆಯವರು ಬಂದು “ನಮ್ಮದು ಎಲ್ಲಿ?” ಎಂದು ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು. ಅಮೆರಿಕದವರು ಈ ಪೇಚಿಗೆ ಸಿಕ್ಕಿದ್ದರು. ಹದಿಮೂರು ರಾಜ್ಯಗಳಿಗೆ ಹದಿಮೂರು ನಕ್ಷತ್ರ, ಹದಿಮೂರು ಪಟ್ಟಿ. ಎರಡು ರಾಜ್ಯಗಳು ಸೇರಿದಾಗ 1795ರಲ್ಲಿ ಎರಡನ್ನೂ ಹದಿನೈದು ಮಾಡಿದರು. ಆಮೇಲೆ ರಾಜ್ಯಗಳು ಬರುತ್ತಲೇ ಹೋದವು, ಪಟ್ಟಿಗಳು ದಾರದ ಹಾಗೆ ಸಣ್ಣದಾಗುತ್ತವೆ ಎಂದು ಗಾಬರಿಯಾಗಿ 1818ರಲ್ಲಿ ಪಟ್ಟಿಗಳನ್ನು ಮತ್ತೆ ಹದಿಮೂರಕ್ಕೆ ಇಳಿಸಿ, ನಕ್ಷತ್ರಗಳನ್ನು ಮಾತ್ರ ಹೆಚ್ಚಿಸುತ್ತ ಬಂದರು. ಗ್ರಂಥಾಲಯಕ್ಕೆ ಆ ಉಸಾಬರಿ ಯಾಕೆ?

ಹೊಳೆಯೂ ಬೇಡ. ಬಿಳಿ ಅಲೆಗೆರೆ ನೋಡಲು ಚಂದ, ಒಪ್ಪುತ್ತೇನೆ. ಆದರೆ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ವಿವಾದದ ಕುರಿತ 1967ರ ಮಹಾಜನ ಆಯೋಗದ ವರದಿ ಹೇಳಿದ ಮೇಲೆ ನಮ್ಮ ಕಡೆಯ ವಯಸ್ಸಾದವರ ಕಣ್ಣಿಗೆ ಆ ಗೆರೆ ಬರೀ ನೀರಾಗಿ ಉಳಿದಿಲ್ಲ. ಪುಸ್ತಕ ಎರವಲು ಪಡೆಯಲು ಬರುವ ಮಗುವಿಗೆ ಬಾಗಿಲಲ್ಲೇ ಗಡಿ ತೋರಿಸಬೇಕೇ ಎಂಬುದನ್ನು ಸಮಿತಿಯವರೇ ಯೋಚಿಸಲಿ. ಕೋಟೆ ದೂರಕ್ಕೆ ಇಟ್ಟಿಗೆ ಗೂಡಿನಂತೆ ಕಾಣುತ್ತದೆ. ದೀಪ ಎಲ್ಲ ಸಂಘಗಳಲ್ಲೂ ಇದೆ. ಕಿರೀಟದ ಕಥೆ ಆಗಲೇ ಹೇಳಿದೆ.

ಬಣ್ಣಕ್ಕೆ ಬರೋಣ. ನಿಮ್ಮ ಕಿರಿಯರ ಭಯ ಸುಳ್ಳಲ್ಲ. ನಮ್ಮ ಜಿಲ್ಲೆಯಲ್ಲಿ ಬಣ್ಣಗಳಿಗೆಲ್ಲ ಮೊದಲೇ ವಾರಸುದಾರರಿದ್ದಾರೆ. ಕೆಂಪು ಕಮ್ಯುನಿಸ್ಟರದು, ಹಸಿರು ಮುಸ್ಲಿಂ ಲೀಗಿನದು, ಕೇಸರಿ ಬಿಜೆಪಿಯದು, ತ್ರಿವರ್ಣ ಕಾಂಗ್ರೆಸಿನದು. ಚುನಾವಣೆ ಮುಗಿದು ಆರು ತಿಂಗಳಾದರೂ ವಿದ್ಯುತ್ ಕಂಬಗಳಲ್ಲಿ ತೋರಣ ಉಳಿದಿರುತ್ತದೆ. ಯಾರೂ ಮುಟ್ಟದ ಬಣ್ಣ ಹುಡುಕಲು ಹೊರಟರೆ ಬೂದು ಬಣ್ಣದ ಬಾವುಟ ಹಾರಿಸಬೇಕಾದೀತು.

ಹಳದಿ–ಕೆಂಪನ್ನು ಕನ್ನಡದ ಬಾವುಟವಾಗಿ ಕೊಟ್ಟವರು 1960ರ ದಶಕದಲ್ಲಿ ಕನ್ನಡ ಚಳವಳಿಯ ಮ. ರಾಮಮೂರ್ತಿಯವರು. ಅರಿಶಿನ, ಕುಂಕುಮ ಎಂದು ಜನ ಅದನ್ನು ಮನೆಯ ಬಣ್ಣವಾಗಿ ಒಪ್ಪಿಕೊಂಡರು. ಅದು ಇಂದಿಗೂ ಯಾವ ಸರ್ಕಾರದ ಅಧಿಕೃತ ಧ್ವಜವೂ ಅಲ್ಲ. 2018ರ ಮಾದರಿಗೆ ಕೇಂದ್ರದ ಒಪ್ಪಿಗೆ ಸಿಗಲಿಲ್ಲ. ಆದ್ದರಿಂದ ಕೇರಳದ ನೆಲದಲ್ಲಿ ಒಂದು ಕನ್ನಡ ಗ್ರಂಥಾಲಯ ಆ ಎರಡು ಬಣ್ಣಗಳನ್ನು ಬಳಸಿದರೆ ಅದು ಇನ್ನೊಂದು ರಾಜ್ಯದ ಧ್ವಜ ಹಾರಿಸಿದಂತೆ ಆಗುವುದಿಲ್ಲ. ಮನೆಮಾತಿನ ಗುರುತು ತೋರಿಸಿದಂತೆ, ಅಷ್ಟೆ. ಆ ಬಾವುಟವನ್ನು ಇದ್ದ ಹಾಗೆಯೇ ಹಾರಿಸುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಹಾಗೆ ಮಾಡಿದರೆ ‘ಇಲ್ಲಿ ಕನ್ನಡ ಇದೆ’ ಎಂದು ಗೊತ್ತಾಗುತ್ತದೆ, ‘ಇದು ನಮ್ಮ ಗ್ರಂಥಾಲಯ’ ಎಂದು ಗೊತ್ತಾಗುವುದಿಲ್ಲ.

ತಂತ್ರದ ದೃಷ್ಟಿಯಿಂದಲೂ ಆ ಜೋಡಿ ಬಲವಾದದ್ದು. ಯುರೋಪಿನ ಹಳೆಯ ವಂಶಲಾಂಛನಗಾರರಲ್ಲಿ ಒಂದು ಕಟ್ಟಳೆಯಿತ್ತು. ಹಳದಿ ಮತ್ತು ಬಿಳಿ ‘ಲೋಹ’, ಅಂದರೆ ಚಿನ್ನ ಮತ್ತು ಬೆಳ್ಳಿ. ಕೆಂಪು, ನೀಲಿ, ಹಸಿರು, ಕಪ್ಪು ‘ಬಣ್ಣ’. ಲೋಹದ ಮೇಲೆ ಲೋಹ ಇಡಬಾರದು, ಬಣ್ಣದ ಮೇಲೆ ಬಣ್ಣ ಇಡಬಾರದು. ಶಾಸ್ತ್ರದ ಹೆಸರಿನಲ್ಲಿ ಹೇಳಿದರೂ ಇದು ಕಣ್ಣಿನ ಅನುಭವ: ತಿಳಿಯ ಪಕ್ಕ ಗಾಢ ಇದ್ದರೆ ದೂರಕ್ಕೆ ಬೇರೆಬೇರೆಯಾಗಿ ಕಾಣುತ್ತದೆ. ನಿಮ್ಮ ಕರಡಿನಲ್ಲಿ ಹಳದಿಯ ಮೇಲೆ ಬಿಳಿ ಪುಸ್ತಕವಿದೆ. ಬಿಸಿಲಿಗೆ ಅದು ಕರಗಿ ಮಾಯವಾಗುತ್ತದೆ. ಕೆಂಪಿನ ಮೇಲೆ ಹಸಿರು ಕಂಗು ಇದೆ. ಸಂಜೆಯ ಬೆಳಕಿಗೆ ಎರಡೂ ಒಂದೇ ಕಪ್ಪಾಗುತ್ತವೆ.

ಅರ್ಥ ಬರೆದುಕೊಡಿ ಎಂದಿದ್ದೀರಿ. ಇಲ್ಲಿ ನಾನು ಸ್ವಲ್ಪ ಜಿಪುಣ. ಬಣ್ಣಕ್ಕೆ ಹುಟ್ಟಿನಿಂದ ಬಂದ ಅರ್ಥವಿಲ್ಲ. ಬೆಜವಾಡದಲ್ಲಿ (ಇಂದಿನ ವಿಜಯವಾಡ) 1921ರಲ್ಲಿ ಪಿಂಗಳಿ ವೆಂಕಯ್ಯ ಕಾಂಗ್ರೆಸ್ ಮುಂದೆ ಇಟ್ಟ ಕೆಂಪು–ಹಸಿರು ಬಾವುಟದಲ್ಲಿ ಬಣ್ಣಗಳೆಂದರೆ ಸಮುದಾಯಗಳು. ಉಳಿದವರಿಗಾಗಿ ಬಿಳಿಯೂ ಇರಲಿ ಎಂದವರು ಗಾಂಧೀಜಿ. ಆದರೆ ಸಮುದಾಯದ ಲೆಕ್ಕ ಶುರುವಾದ ಮೇಲೆ ಪಾಲಿನ ಜಗಳವೂ ಶುರುವಾಗುತ್ತದೆ. 1931ರಲ್ಲಿ ಕಾಂಗ್ರೆಸ್ ಕೆಂಪನ್ನು ಕೇಸರಿ ಮಾಡಿ, ಈ ಬಣ್ಣಗಳಿಗೆ ಮತಧರ್ಮದ ಅರ್ಥವೇ ಇಲ್ಲ, ಕೇಸರಿ ಧೈರ್ಯ ಮತ್ತು ತ್ಯಾಗ, ಬಿಳಿ ಶಾಂತಿ ಮತ್ತು ಸತ್ಯ ಎಂದು ಹೇಳಿತು. 1947ರಲ್ಲಿ ರಾಧಾಕೃಷ್ಣನ್ ಅವರು ಸಂವಿಧಾನ ಸಭೆಯಲ್ಲಿ ವಿವರಿಸುವಾಗ ಕೇಸರಿ ವಿರಕ್ತಿಯಾಯಿತು, ಹಸಿರು ನಮಗೂ ಮಣ್ಣಿಗೂ ಇರುವ ನಂಟಾಯಿತು. ಬಟ್ಟೆ ಹೆಚ್ಚುಕಡಿಮೆ ಅದೇ. ಮಾತು ಎರಡು ಸಲ ಬದಲಾಗಿದೆ. ಅರ್ಥವನ್ನು ಮೊದಲೇ ಕಲ್ಲಿನಲ್ಲಿ ಕೆತ್ತಿಟ್ಟಿದ್ದರೆ ಆ ಧ್ವಜಕ್ಕೆ ಇಷ್ಟು ದೂರ ಬರಲಾಗುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ನಿಮ್ಮ ಸ್ಮರಣ ಸಂಚಿಕೆಯಲ್ಲಿ ಎರಡು ಸಾಲು ಸಾಕು, ಎರಡು ಪುಟ ಬೇಡ.

ಬಾವುಟಕ್ಕೆ ಅರ್ಥ ಸೇರುವುದು ಏರಿಸುವ, ಇಳಿಸುವ ಕೆಲಸದಿಂದ. ಕುಂಬಳೆಯ ಕಣಿಪುರ ಗೋಪಾಲಕೃಷ್ಣ ದೇವಸ್ಥಾನದ ಜಾತ್ರೆಯನ್ನು ನೋಡಿದವರಿಗೆ ಇದು ಗೊತ್ತು. ಬೆಡಿ, ಅಂದರೆ ಸಿಡಿಮದ್ದು, ನೋಡಲು ಹೋಗುವವರು ಸಾವಿರ ಜನ, ಆದರೆ ಜಾತ್ರೆ ಶುರುವಾಗುವುದು ಕೊಡಿ, ಅಂದರೆ ದೇವಸ್ಥಾನದ ಬಾವುಟ, ಏರಿದಾಗ. ವಿಷ್ಣುವಿನ ಕೊಡಿಗೆ ಗರುಡ, ಶಿವನದಕ್ಕೆ ನಂದಿ, ಗಣಪತಿಗೆ ಇಲಿ. ಬಟ್ಟೆಯ ಮೇಲೆ ಚಿತ್ರ ಇದ್ದೇ ಇರುತ್ತದೆ. ಆ ಗರುಡನ ಮೂಗು ಹೇಗಿತ್ತು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ತಲೆ ಕೆರೆದುಕೊಂಡಾರು. ಕೊಡಿ ಏರಿತೇ ಎಂದು ಕೇಳಿ, ಅಡುಗೆಮನೆಯಲ್ಲಿದ್ದವರೂ ಹೇಳುತ್ತಾರೆ. ಕೊಡಿ ಏರಿದ ಮೇಲೆ ಇಳಿಯುವ ತನಕ ಊರು ಬಿಟ್ಟು ಹೋಗಿ ರಾತ್ರಿ ತಂಗಬಾರದು, ಮದುವೆ ಇಟ್ಟುಕೊಳ್ಳಬಾರದು ಎಂಬ ಕಟ್ಟು ನಮ್ಮ ಕಡೆ ಹಲವು ಊರುಗಳಲ್ಲಿತ್ತು. ಒಂದು ತುಂಡು ಬಟ್ಟೆ ಇಡೀ ಊರನ್ನು ಹಿಡಿದು ನಿಲ್ಲಿಸುತ್ತಿತ್ತು. ಹಳಗನ್ನಡದಲ್ಲಿ ಬಾವುಟಕ್ಕೆ ಗುಡಿ ಎಂಬ ಮಾತೂ ಇದೆ. ‘ಗುಡಿಗಟ್ಟು’ ಎಂದರೆ ಬಾವುಟ ಏರಿಸು, ಹಾಗೆಯೇ ಸಂತೋಷದಿಂದ ಉಬ್ಬು. ಮೈನವಿರು ಗುಡಿಗಟ್ಟುವುದು ಎಂದು ಕವಿಗಳು ಬರೆದದ್ದು ಅದೇ ಮಾತಿನಿಂದ.

ಹಾಗಾದರೆ ಹನ್ನೊಂದರಲ್ಲಿ ಉಳಿದದ್ದು ಏನು? ಕಂಗು ಮತ್ತು ಪುಸ್ತಕ. ಎರಡರಲ್ಲಿ ಒಂದನ್ನು ಆರಿಸಿ ಎಂದು ಹೇಳುವುದರಲ್ಲಿದ್ದೆ. ಅಷ್ಟರಲ್ಲಿ ಅಂಗಳದಲ್ಲಿ ಸೋಗೆ ಬಿದ್ದ ಸದ್ದಾಯಿತು. ಎತ್ತಿ ಬದಿಗಿಡಲು ಹೋದವನು ಅದರ ಬುಡದ ಹಾಳೆಯನ್ನು ನೋಡುತ್ತ ನಿಂತೆ. ಹಾಳೆ! ಅಡಿಕೆಯದೂ ಹಾಳೆ, ಪುಸ್ತಕದ್ದೂ ಹಾಳೆ. ನಮ್ಮ ಕನ್ನಡ ಎರಡಕ್ಕೂ ಒಂದೇ ಹೆಸರಿಟ್ಟಿದೆ. ನಾವು ಉಂಡದ್ದು ಹಾಳೆಯಲ್ಲಿ, ತೋಟದಲ್ಲಿ ತಲೆಗೆ ಇಟ್ಟದ್ದು ಹಾಳೆಯ ಟೊಪ್ಪಿ, ಓದಿದ್ದು ಹಾಳೆಯಲ್ಲಿ. ಬೇರೆ ಯಾವ ಊರಿನ ಗ್ರಂಥಾಲಯಕ್ಕೂ ಈ ಗುರುತು ಇಷ್ಟು ಸರಿಯಾಗಿ ಹೊಂದಲಾರದು.

ಆಕಾರ ಹೀಗಿರಲಿ: ನಡುವಿನ ಒಂದು ಗೆರೆಯಿಂದ ಎರಡೂ ಕಡೆಗೆ ಬಾಗಿ ಬಿಚ್ಚಿಕೊಂಡ ಎರಡು ಬಿಳಿ ದಳ. ಪುಸ್ತಕ ಎಂದುಕೊಂಡವರಿಗೆ ತೆರೆದ ಪುಸ್ತಕ, ತೋಟದವರಿಗೆ ಬಿಚ್ಚಿದ ಹಾಳೆ. ಎಡಬಲ ಒಂದೇ ಆದ್ದರಿಂದ ಹಿಂಬದಿಯ ತೊಂದರೆ ಇಲ್ಲ. ಗೀಟುಗಳು, ಪುಟದ ಸಾಲುಗಳು ಬೇಡ, ದಯವಿಟ್ಟು. ಬಟ್ಟೆಯನ್ನು ಅಡ್ಡಕ್ಕೆ ಎರಡು ಪಟ್ಟಿ ಮಾಡುವ ಬದಲು ಕಂಬದ ಕಡೆಯ ಮೂರನೇ ಒಂದು ಭಾಗ ಹಳದಿ, ಉಳಿದ ಎರಡು ಭಾಗ ಕೆಂಪು ಮಾಡಿ. ಬಿಳಿ ಹಾಳೆ ಕೆಂಪಿನ ಮೇಲೆ. ಹಿರಿಯರಿಗೆ ಅರಿಶಿನ–ಕುಂಕುಮ ಸಿಕ್ಕಿತು, ಕಿರಿಯರಿಗೆ ತಮ್ಮದೇ ಬಾವುಟ ಸಿಕ್ಕಿತು. ಗಾಳಿಯಿಲ್ಲದ ದಿನ ಬಾವುಟ ಜೋತು ಬಿದ್ದಾಗ ಕಂಬದ ಪಕ್ಕದ ಭಾಗವೇ ಹೆಚ್ಚು ಕಾಣುವುದರಿಂದ ಆಗಲೂ ಹಳದಿ ಮರೆಯಾಗುವುದಿಲ್ಲ. ಬರೀ ಕೆಂಪು ಬಾವುಟ ಎಂದು ಯಾರಿಗೂ ಭ್ರಮೆಯಾಗದು. ಹಾಳೆಯನ್ನು ಕೆಂಪಿನ ನಟ್ಟನಡುವಿಗಿಂತ ಎರಡು ಬೆರಳು ಕಂಬದ ಕಡೆಗೆ ಸರಿಸಿ. ಬಾಂಗ್ಲಾದೇಶದವರು ತಮ್ಮ ಸೂರ್ಯನನ್ನು ಹಾಗೆಯೇ ಸರಿಸಿದ್ದಾರೆ. ಉದ್ದವನ್ನು ಇಪ್ಪತ್ತು ಪಾಲು ಮಾಡಿದರೆ ಒಂಬತ್ತನೆಯ ಪಾಲಿನ ಗೆರೆಯ ಮೇಲೆ ಅದರ ಕೇಂದ್ರ. ಹಾರುವಾಗ ತುದಿ ಮಡಚುವುದರಿಂದ ಹಾಗೆ ಸರಿಸಿದ್ದೇ ನಡುವಿನಲ್ಲಿದ್ದಂತೆ ಕಾಣುತ್ತದೆ.

ಹೊಲಿಸುವ ಮೊದಲು ಒಂದು ಕೆಲಸ ಮಾಡಿ. ಹಳೆಯ ಬೆಡ್‌ಶೀಟಿಗೆ ಅಗ್ಗದ ಬಣ್ಣ ಬಳಿದು, ಎರಡು ಕಂಗಿನ ನಡುವೆ ಕಟ್ಟಿ, ಗದ್ದೆಯ ಆಚೆಗೆ ಹೋಗಿ ನೋಡಿ. ಬೆಳಿಗ್ಗೆ ಒಮ್ಮೆ, ಸಂಜೆ ಆರಕ್ಕೆ ಒಮ್ಮೆ. ಜೊತೆಗೆ ಕರಡನ್ನು ನೋಡದ ಒಬ್ಬ ಹುಡುಗನನ್ನು ಕರೆದುಕೊಂಡು ಹೋಗಿ, ಕಂಡದ್ದನ್ನು ಮನೆಗೆ ಬಂದ ಮೇಲೆ ನೆನಪಿನಿಂದ ಬರೆಯಲು ಹೇಳಿ. ಅವನು ಹಲಸಿನ ಹಣ್ಣು ಬರೆದರೆ ನನಗೆ ಮತ್ತೆ ಪತ್ರ ಬರೆಯಿರಿ.

ಬಟ್ಟೆ ಹತ್ತಿಯದಾದರೆ ನೋಟ ಗಂಭೀರವಾಗಿರುತ್ತದೆ, ಆದರೆ ಮಳೆಗೆ ನೆನೆದು ಭಾರವಾಗಿ ಜೋಲುತ್ತದೆ. ಪಾಲಿಯೆಸ್ಟರ್ ಸಣ್ಣ ಗಾಳಿಗೂ ಹಾರುತ್ತದೆ, ಬೇಗ ಒಣಗುತ್ತದೆ. ನಮ್ಮ ಊರಿನ ಮಳೆಗೆ ಎರಡನೆಯದೇ ವಾಸಿ. ಹಾಳೆಯನ್ನು ಬಣ್ಣದಲ್ಲಿ ಬರೆಯಿಸಬೇಡಿ. ಬಿಳಿ ಬಟ್ಟೆಯನ್ನು ಕತ್ತರಿಸಿ ಎರಡೂ ಮುಖಕ್ಕೆ ಹೊಲಿಸಿ. ಹರಿಯುವುದು ಯಾವಾಗಲೂ ತುದಿಯ ಅಂಚು, ಅಲ್ಲಿಗೆ ನಾಲ್ಕು ಸಾಲು ಹೊಲಿಗೆ ಬೇಕು. ಕೆಂಪು ಬಿಸಿಲಿಗೆ ಬೇಗ ಮಾಸುತ್ತದೆ. ಆದ್ದರಿಂದ ಒಂದೇ ತಾನಿನ ಬಟ್ಟೆಯಲ್ಲಿ ಎರಡು ಬಾವುಟ ಹೊಲಿಸಿ, ಒಂದನ್ನು ಕಪಾಟಿನಲ್ಲಿಡಿ. ಬಣ್ಣ ಮಾಸುವುದು ಸಣ್ಣ ವಿಷಯ ಎಂದುಕೊಳ್ಳಬೇಡಿ. ಸ್ವತಂತ್ರ ಭಾರತ ಹೊರಡಿಸಿದ ಮಾನಕಗಳಲ್ಲಿ ಒಂದನೆಯ ಸಂಖ್ಯೆಯದೇ ರಾಷ್ಟ್ರಧ್ವಜದ ಬಟ್ಟೆ, ಬಣ್ಣ, ಅಳತೆಗಳ ಕುರಿತಾದದ್ದು. ಕಂಬದ ಎತ್ತರದ ನಾಲ್ಕನೇ ಒಂದು ಭಾಗದಷ್ಟು ಬಾವುಟದ ಉದ್ದ ಇದ್ದರೆ ನೋಟಕ್ಕೆ ಒಪ್ಪುತ್ತದೆ. ಮೂರು ಅಡಿಯ ಬಾವುಟಕ್ಕೆ ಹನ್ನೆರಡು ಅಡಿಯ ಕಂಬ.

ಇನ್ನು ರಾಷ್ಟ್ರಧ್ವಜದ ವಿಷಯ. 2002ರ ಧ್ವಜ ಸಂಹಿತೆಯ ಪ್ರಕಾರ ಅದಕ್ಕಿಂತ ಎತ್ತರದಲ್ಲಾಗಲಿ, ಅದರ ಸಮಕ್ಕೆ ಪಕ್ಕದಲ್ಲಾಗಲಿ ಬೇರೆ ಬಾವುಟ ಇರಬಾರದು, ಒಂದೇ ಕಂಬದಲ್ಲಿ ಎರಡನ್ನು ಕಟ್ಟುವುದಂತೂ ಸಲ್ಲದು. ಆಗಸ್ಟ್ 15 ಮತ್ತು ಜನವರಿ 26ರಂದು ನಿಮ್ಮದನ್ನು ಇಳಿಸಿ ಒಳಗಿಡುವುದೇ ಸುಲಭ. ನವೆಂಬರ್ 1ರಂದು ಏನು ಮಾಡಬೇಕೆಂದು ನಾನು ಹೇಳಲಾರೆ. ಆಚೆ ರಾಜ್ಯೋತ್ಸವ, ಈಚೆ ಕೇರಳದ ಹುಟ್ಟುದಿನವಾದ ಕೇರಳಪ್ಪಿರವಿ, ನಮಗೆ ನಡುವಿನ ದಿನ. ನಾನಾಗಿದ್ದರೆ ಗ್ರಂಥಾಲಯದ ಬಾವುಟವನ್ನು ಗ್ರಂಥಾಲಯದ ಹುಟ್ಟುಹಬ್ಬಕ್ಕೇ ಮೀಸಲಿಡುತ್ತಿದ್ದೆ.

ಹಾರಿಸಿದ ದಿನ ಫೋಟೊ ಕಳುಹಿಸಿ. ಕಂಬದ ಬುಡದಲ್ಲಿ ನಿಂತು ತೆಗೆಯಬೇಡಿ, ಬಸ್ಸು ನಿಲ್ಲುವಲ್ಲಿಗೆ ಹೋಗಿ ತೆಗೆಯಿರಿ.